ಹೆಸರು ಕೇಳುವ ಬೇರು

ನಾಸಿಬೆಕೊ ಅಜ್ಜಿಯ ಅಂಗಳಕ್ಕೆ ಬಂದವರು ಬರಿಗೈಯಲ್ಲಿ ಹೋದದ್ದಿಲ್ಲ. ಕೆಮ್ಮಿಗೆ ನೀಲಗಿರಿ ಎಲೆಯ ಹಬೆ, ಭೇದಿಗೆ ಸೀಬೆ ಚಿಗುರಿನ ಕಷಾಯ. ತಾಯಿಯಿಲ್ಲದ ಮೊಮ್ಮಕ್ಕಳಿಬ್ಬರು, ಡೊರಿಕಾ ಮತ್ತು ಎನಿಫಾ, ಆ ಕಷಾಯ ಕುಡಿದೇ ಬೆಳೆದವರು. ಸುಳ್ಳೇಕೆ ಹೇಳಬೇಕು, ಅಜ್ಜಿಯ ಕೈಗುಣ ದೊಡ್ಡದು. ಆದರೆ ಹುಲ್ಲುಮಾಡಿನಡಿ ಇನ್ನೊಂದು ಬೇರನ್ನೂ ಕಟ್ಟಿಟ್ಟಿದ್ದಳು. ಹೆರಿಗೆ ಬೇಗ ಆಗಲೆಂದು ನೆನೆಹಾಕಿ ಕುಡಿಸುವ ಬೇರು. ಎಷ್ಟು ಕುಡಿಸಬೇಕು? ಮಗು ಬರುವವರೆಗೆ. ಬರದಿದ್ದರೆ? ಆಗ ತಪ್ಪು ಬೇರಿನದಲ್ಲ, ಹೆಣ್ಣಿನದು! ಪರಪುರುಷನ ಜೊತೆ ಮಲಗಿದವಳ ಒಡಲು ಮಗುವಿಗೆ ದಾರಿ ಬಿಡುವುದಿಲ್ಲ, ಅವನ ಹೆಸರು ಬಾಯಿಬಿಟ್ಟರೆ ಬಿಡುತ್ತದೆ. ಇದು ಆ ಊರಿನ ಶಾಸ್ತ್ರ. ಬೆಂಕಿ ಬೀಳಲಿ ಅದಕ್ಕೆ.

ಅಂದು ಬೆಳಗ್ಗೆ ತುಂಬುಗರ್ಭಿಣಿ ಎನಿಫಾ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಸರೋವರದ ಒಣಮೀನು ಮಾರುವ ಸಿಮಿಯೊನಿ ಬಂದಾಗ, "ನಿನ್ನ ಮೀನಿಗಿಂತ ಅದರ ವಾಸನೇನೇ ದೊಡ್ಡದು ಕಣಯ್ಯಾ" ಎಂದು ರೇಗಿಸಿದಳು. ಅವನು ನಗುತ್ತಾ ಹೋದ. ಸ್ವಲ್ಪ ಹೊತ್ತಿಗೆ ಅವಳಿಗೆ ನೋವು ಶುರುವಾಯಿತು.

ಅಜ್ಜಿ ಬೇರಿನ ನೀರು ಕುಡಿಸಿದಳು. ಮಧ್ಯಾಹ್ನ ಇನ್ನೊಮ್ಮೆ ಕುಡಿಸಿದಳು. ಎರಡು ಹೆತ್ತಿದ್ದ ಡೊರಿಕಾ ತಂಗಿಯ ಹೊಟ್ಟೆ ಮುಟ್ಟಿ ನೋಡಿದಳು. ಮಗುವಿನ ತಲೆ ಪಕ್ಕೆಯ ಹತ್ತಿರ ಗಟ್ಟಿಯಾಗಿ ಕೈಗೆ ಸಿಕ್ಕಿತು.

"ಅಜ್ಜಿ, ಮಗು ಅಡ್ಡ ಮಲಗಿದೆ. ಹೊರಗೆ ಯೋಸೆಫೆ ಸೈಕಲ್ ಇಟ್ಕೊಂಡು ನಿಂತಿದಾನೆ. ಆಸ್ಪತ್ರೆಗೆ ಕಳಿಸೋಣ."

"ನಿಮ್ಮಮ್ಮನ್ನ ಹೆತ್ತೋಳು ನಾನು, ನನಗೇ ಹೆರಿಗೆ ಕಲಿಸ್ತೀಯಾ? ಇವಳ ಗಂಡ ಅನ್ನಿಸ್ಕೊಂಡೋನು ಹೊರಗೇ ಇರ್ಲಿ. ಇವಳು ಬಾಯಿ ಬಿಟ್ರೆ ಎಲ್ಲಾ ಸರಿಹೋಗ್ತದೆ."

ಒಳಗಿದ್ದ ಹೆಂಗಸರು ಎನಿಫಾಳ ಕಿವಿಗೆ ಬಗ್ಗಿದರು. "ಹೇಳೇ ತಾಯಿ, ಯಾರವನು?"

"ಯಾರೂ ಇಲ್ಲ! ದೇವರಾಣೆಗೂ ಯಾರೂ ಇಲ್ಲ!"

"ಎಲ್ಲರೂ ಮೊದಲು ಹಾಗೇ ಅಂತಾರೆ" ಎಂದಳು ಅಜ್ಜಿ. ಮತ್ತೆ ಬೇರಿನ ನೀರು ಬಂತು. ನೋವು ಈಗ ಬಿಟ್ಟು ಬಿಟ್ಟು ಬರಲಿಲ್ಲ, ಬಂದದ್ದು ಹೋಗಲೇ ಇಲ್ಲ. ಎನಿಫಾ ಅಕ್ಕನ ಕೈಯನ್ನು ಉಗುರೂರುವಂತೆ ಹಿಡಿದಳು.

"ಅಕ್ಕಾ, ಯಾರ ಹೆಸರು ಹೇಳ್ಲಿ? ನನಗೆ ಯಾವುದೂ ನೆನಪಿಗೆ ಬರ್ತಿಲ್ಲ. ನೀನೇ ಒಂದು ಹೇಳಿಕೊಡೇ."

ಹೆಸರು ಸಿಕ್ಕರೆ ಇವರು ಇವಳನ್ನು ಬಿಟ್ಟಾರು, ಆಗ ಸೈಕಲ್ ಹತ್ತಿಸಬಹುದು ಎಂದುಕೊಂಡಳು ಡೊರಿಕಾ. ಬೆಳಗಿನ ನಗು ನೆನಪಾಯಿತು. ತಂಗಿಯ ಕಿವಿಯಲ್ಲಿ "ಸಿಮಿಯೊನಿ" ಎಂದಳು.

"ಸಿಮಿಯೊನಿ" ಎಂದಳು ಎನಿಫಾ.

ಹೆಂಗಸರಿಗೆ ಏನು ಸಂಭ್ರಮ! ದಾರಿ ತೆರೆಯಿತು, ಇನ್ನು ತಡವಿಲ್ಲ ಎಂದು ಅಜ್ಜಿ ಉಳಿದ ನೀರನ್ನೂ ಕುಡಿಸಿದಳು. ಡೊರಿಕಾ ಅಡ್ಡ ಬಂದಳು, ಇಬ್ಬರು ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದರು. ಹೊತ್ತು ಮುಳುಗುವ ಮೊದಲು ಎನಿಫಾಳ ಹೊಟ್ಟೆಯೊಳಗೆ ಏನೋ ಹರಿದುಹೋಯಿತು. ನೋವು ತಟ್ಟನೆ ನಿಂತಿತು, ರಕ್ತ ನಿಲ್ಲಲಿಲ್ಲ. ತಾಯಿಯೂ ಹೋದಳು, ಮಗುವೂ ಹೋಯಿತು.

ಮರುದಿನ ಮಣ್ಣು ಮಾಡಿದ ಮೇಲೆ ಸೋದರಮಾವ ಲೈಟೋನಿ ಎದ್ದು ನಿಂತ. "ಹುಡುಗಿ ತಪ್ಪು ಒಪ್ಕೊಂಡಳು, ಆದ್ರೆ ತಡವಾಗಿ. ಆ ಮೀನಿನವನನ್ನ ಎಳ್ಕೊಂಡು ಬನ್ನಿ."

ಯುವಕರು ಎದ್ದರು. ಯೋಸೆಫೆ ತಲೆ ತಗ್ಗಿಸಿ ಕೂತಿದ್ದ. ಸತ್ತವಳ ಮೇಲೂ ಕೆಸರು!

"ನಿಲ್ಲಿ" ಎಂದಳು ಡೊರಿಕಾ. "ಆ ಹೆಸರು ಅವಳದ್ದಲ್ಲ, ನಾನು ಹೇಳಿಕೊಟ್ಟಿದ್ದು. ನೀವು ಬಿಡ್ತೀರಿ ಅಂತ ಹೇಳಿಕೊಟ್ಟೆ. ಅವಳು ಬಂಗಾರದಂಥವಳು."

ಗುಸುಗುಸು ಎದ್ದಿತು. ಅಜ್ಜಿಯ ಬಾಯಿ ನಡುಗಿತು, ಹಟ ನಡುಗಲಿಲ್ಲ. "ನೋಡಿದ್ರಾ? ಸುಳ್ಳು ಹೆಸರು! ಅದಕ್ಕೇ ದಾರಿ ಬಿಡ್ಲಿಲ್ಲ. ನಿನ್ನ ಸುಳ್ಳೇ ಅವಳನ್ನ ಕೊಂದಿದ್ದು."

"ಆಯ್ತು ಅಜ್ಜಿ. ಅದಕ್ಕೂ ಮೊದಲು ಅವಳು ನಿಜಾನೇ ಹೇಳಿದ್ದಳಲ್ಲ? ಯಾರೂ ಇಲ್ಲ ಅಂತ ದೇವರಾಣೆ ಇಟ್ಟಳು, ಒಳಗಿದ್ದ ಅಷ್ಟೂ ಜನ ಕೇಳಿಸ್ಕೊಂಡ್ರಿ. ನಿಜಕ್ಕೆ ದಾರಿ ಬಿಡೋದಾದ್ರೆ ಆಗ ಯಾಕೆ ಬಿಡ್ಲಿಲ್ಲ?"

ಅಜ್ಜಿ ಲೈಟೋನಿಯನ್ನು ನೋಡಿದಳು. ಲೈಟೋನಿ ಎದ್ದಿದ್ದ ಯುವಕರಿಗೆ ಕೂತುಕೊಳ್ಳಲು ಕೈಸನ್ನೆ ಮಾಡಿದ.

"ನಿನ್ನ ಸೀಬೆ ಕಷಾಯ ನನ್ನ ಮಕ್ಕಳಿಗೂ ಕೊಡ್ತೀನಿ, ಅದು ಒಳ್ಳೇದು. ಆ ಬೇರು ಮಾತ್ರ ನನ್ನ ಬಾಯಿಗೆ ಬೀಳಲ್ಲ." ಡೊರಿಕಾ ಸೆರಗಿನಂತೆ ಸುತ್ತಿದ್ದ ಬಟ್ಟೆ ಸರಿಸಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಅವಳೂ ಬಸುರಿ ಎಂದು ಹಲವರಿಗೆ ತಿಳಿದದ್ದೇ ಆಗ. "ದಿನ ತುಂಬೋ ಮೊದಲೇ ಆಸ್ಪತ್ರೆಗೆ ಹೋಗಿ ಅಲ್ಲೇ ಇರ್ತೀನಿ. ಅಲ್ಲಿಗೂ ಬಂದು ಹೆಸರು ಕೇಳೋರಿದ್ರೆ ಈಗಲೇ ಕೇಳಿಸ್ಕೊಳ್ಳಿ: ಯಾವಳು ಕೇಳ್ತಾಳೋ ಅವಳ ಗಂಡನ ಹೆಸರೇ ಹೇಳ್ತೀನಿ. ನೀವು ನಂಬಲೇಬೇಕು, ನಿಮ್ಮದೇ ಶಾಸ್ತ್ರ! ಯಾರು ಬರ್ತೀರಿ ಕೇಳೋಕೆ?"

ಎನಿಫಾಳ ಕಿವಿಗೆ ಬಗ್ಗಿದ್ದ ಹೆಂಗಸರು ತಂತಮ್ಮ ಗಂಡಂದಿರ ಕಡೆ ನೋಡಿ ಹಿಂದೆ ಸರಿದರು.