ಎಡಗಣ್ಣಿನ ಮಂಜು

ಗೊಂಬೆ ಕಾರ್ಖಾನೆಯಲ್ಲಿ ಕಣ್ಣು ಬರೆಯುವ ಕೆಲಸ ಅವರದು, ಹಾಗಾಗಿ ಎಲ್ಲರ ಬಾಯಲ್ಲೂ ಗೊಂಬೆಯಮ್ಮ. ಲೆಕ್ಕವಿಲ್ಲದಷ್ಟು ಗೊಂಬೆಗಳಿಗೆ ಕಣ್ಣು ಕೊಟ್ಟ ಹೆಂಗಸಿಗೆ ತನ್ನೆರಡೂ ಕಣ್ಣಿಗೆ ಪೊರೆ ಬಂತು. ಬಂದರೇನು, ಮನೆಯಲ್ಲೇ ಇಬ್ಬರು ಕಣ್ಣಿನ ಡಾಕ್ಟರು: ಮಗಳು ಮತ್ತು ಸೊಸೆ. ಇಬ್ಬರಿಗೂ ಒಂದೇ ಆಸ್ಪತ್ರೆ, ಮತ ಮಾತ್ರ ಬೇರೆ ಬೇರೆ.

ಪೊರೆ ತೆಗೆದು ಮಸೂರ ಕೂರಿಸಲು ಕಣ್ಣೊಳಗೊಂದು ತೆಳ್ಳನೆಯ ಚೀಲ ಉಳಿಯುತ್ತದೆ. ವರ್ಷ ಕಳೆದ ಮೇಲೆ ಆ ಚೀಲವೇ ಮಬ್ಬಾಗುವುದುಂಟು. ಅದನ್ನು ತಡೆಯುವುದು ಹೇಗೆ ಎಂಬುದೇ ಜಗಳ. ಚೀಲದ ಒಳಗೋಡೆಯನ್ನು ಚೆನ್ನಾಗಿ ಉಜ್ಜಿ ತೊಳೆದರೆ ಸಾಕು, ಪೊರೆ ತೆಗೆಯಲು ಅದರಲ್ಲಿ ಕತ್ತರಿಸುವ ಬಾಯಿ ಅಗಲವಾಗಿದ್ದರೂ ಪರವಾಗಿಲ್ಲ ಎಂದು ಮಗಳು. ಎಷ್ಟು ತೊಳೆದರೂ ಪೊರೆಯ ನಾಲ್ಕು ಕಣ ಉಳಿದೇ ಉಳಿಯುತ್ತವೆ, ಬಾಯಿಯನ್ನು ಕಿರಿದಾಗಿ ಕತ್ತರಿಸಿದರೆ ಅದರ ಅಂಚು ಮಸೂರವನ್ನು ಸುತ್ತಲೂ ಒತ್ತಿ ಹಿಡಿದು ಅವು ಹಿಂದಕ್ಕೆ ನುಸುಳದಂತೆ ತಡೆಯುತ್ತದೆ ಎಂದು ಸೊಸೆ.

"ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದಕ್ಕೆ ಸುಣ್ಣ ಅನ್ನೋ ಮಾತು ನನಗೆ ಬೇಡ," ಎಂದಿದ್ದರು ಗೊಂಬೆಯಮ್ಮ. "ಎಡಗಣ್ಣು ಮಗಳಿಗೆ, ಬಲಗಣ್ಣು ಸೊಸೆಗೆ. ನಿಮ್ಮಿಬ್ಬರ ಪೈಪೋಟಿ ಅಲ್ಲೇ ಮುಗೀಲಿ."

ಪೊರೆ ತೆಗೆದ ಮೇಲೆ ಎರಡೂ ಕಣ್ಣು ಫಳಫಳ ಹೊಳೆದವು. ಆಮೇಲೆ ಒಂದು ಚಳಿಗಾಲದ ಬೆಳಿಗ್ಗೆ ಎಡಗಣ್ಣಿನೊಳಕ್ಕೆ ಮಂಜು ಇಳಿಯಿತು. ಬೀದಿದೀಪಗಳಿಗೆ ದಳ ಮೂಡಿದವು. ಎದುರುಮನೆಯ ಕಿಟಕಿ ಗಾಳಿಯಲ್ಲಿ ತೇಲಿತು. ಕಾರ್ಖಾನೆಯ ಹಲಗೆಯ ಮೇಲೆ ಸಾಲಾಗಿ ಮಲಗಿದ್ದ ಗೊಂಬೆಗಳು ಉಸಿರಾಡುತ್ತಿರುವಂತೆ ಕಂಡವು. ಬಲಗಣ್ಣು ಮುಚ್ಚಿ ಗೊಂಬೆಯಮ್ಮ ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂರುತ್ತಿದ್ದರು. ಸುಳ್ಳೇಕೆ, ಅವರಿಗದು ಇಷ್ಟವಾಗಿಯೂ ಇತ್ತು.

ಆದರೆ ಮಬ್ಬಾದದ್ದು ಮಗಳ ಪಾಲಿನ ಕಣ್ಣು! ಹೆತ್ತವರಿಗೆ ಹೆಗ್ಗಣ ಮುದ್ದು, ಇವಳಂತೂ ಹೆಗ್ಗಣವಲ್ಲ, ಬಂಗಾರದಂಥ ಹುಡುಗಿ. ಗೊಂಬೆಯಮ್ಮ ತುಟಿ ಪಿಟಕ್ಕೆನ್ನದೆ ಕಣ್ಣು ಪರೀಕ್ಷೆಯ ಅಕ್ಷರದ ಪಟ್ಟಿಯನ್ನು ಬಲಗಣ್ಣಿನಲ್ಲಿ ಬಾಯಿಪಾಠ ಮಾಡಿದರು, ಎಡಗಣ್ಣಿನ ಸರದಿ ಬಂದಾಗ ಗಿಳಿಯಂತೆ ಒಪ್ಪಿಸಿದರು. ಕಣ್ಣೊಳಗೆ ನೋಡುವ ದೀಪದ ಯಂತ್ರದ ಮುಂದೆ ಕೂರು ಎಂದು ಮಗಳೆಂದರೆ, ಕೆಲಸವಿದೆ, ನಾಳೆ, ಎಂದರು. ಊರಿನವರ ಕಣ್ಣೊಳಗೆಲ್ಲ ಇಣುಕುವ ಡಾಕ್ಟರುಗಳಿಗೆ ಮನೆಯ ಕಣ್ಣಿಗೆ ಪುರುಸೊತ್ತೆಲ್ಲಿ? ದೀಪದ ಬುಡದಲ್ಲಿ ಕತ್ತಲು ಅಂತ ಸುಮ್ಮನೆ ಅಂದಿದ್ದಾರೆಯೇ.

ಹೀಗಿರುವಾಗ ಬೀಗಿತಿಗೂ, ಅಂದರೆ ಸೊಸೆಯ ತಾಯಿಗೂ, ಪೊರೆ ಬಂತು. ಆಕೆಗೆ ಇರುವುದೇ ಒಂದು ಕಣ್ಣು.

"ಅಮ್ಮನ ಕಣ್ಣಿನ ಹಿಂದಿನ ಪರದೆ, ರೆಟಿನಾ, ತುಂಬ ತೆಳು, ಅತ್ತೆ," ಎಂದಳು ಸೊಸೆ ಊಟದ ಮೇಜಿನಲ್ಲಿ. "ಚೀಲ ಮಬ್ಬಾದರೆ ಬೇರೆಯವರಿಗೆ ಲೇಸರ್ ಹೊಡೀತೀವಿ. ಅವಳಿಗೆ ಹೊಡೆದರೆ ಪರದೆ ಹರಿದರೂ ಹರೀಬಹುದು. ಮಬ್ಬಾಗಲೇಬಾರದು. ಹೆತ್ತವಳ ಕಣ್ಣು ಮುಟ್ಟೋಕೆ ನನಗೆ ಧೈರ್ಯವಿಲ್ಲ. ನಿಮ್ಮ ಎರಡು ಕಣ್ಣೂ ಒಂದೇ ಸಮ ಇವೆಯಲ್ಲ, ನಾಳೆ ನಾದಿನಿಯೇ ಅವಳ ರೀತಿಯಲ್ಲಿ ಮಾಡಲಿ."

ಗೊಂಬೆಯಮ್ಮ ತಟ್ಟೆ ಸರಿಸಿ ಎದ್ದರು. ಮರುದಿನ ಕಾರ್ಖಾನೆಯಲ್ಲಿ ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಂಚ ಹಿಡಿದರು. ಕಣ್ಣುಗುಡ್ಡೆ ಹೋಗಿ ಗೊಂಬೆಯ ಕೆನ್ನೆಯ ಮೇಲೆ ಕೂತಿತು. ಮೊದಲು ನಗು ಬಂತು. ಆಮೇಲೆ, ಬಟ್ಟೆ ಬಿಚ್ಚಿದರೆ ತನಗೆ ಇನ್ನೊಂದು ಕಣ್ಣಿದೆ, ಬೀಗಿತಿಗೆ ಅದೂ ಇಲ್ಲ ಎಂಬುದು ನೆನಪಾಯಿತು. ಕುಂಚವನ್ನೂ ತೊಳೆಯದೆ ಆಸ್ಪತ್ರೆಗೆ ಓಡಿದರು.

ಬೀಗಿತಿಯನ್ನು ಆಗಲೇ ಮಂಚದ ಮೇಲೆ ಮಲಗಿಸಿದ್ದರು. ಮಗಳು ಕೈ ತೊಳೆಯುತ್ತಿದ್ದಳು.

"ಮೊದಲು ನನ್ನ ಎಡಗಣ್ಣು ನೋಡು. ಈಗಲೇ."

ಮಗಳು ಯಂತ್ರದೊಳಗೆ ಇಣುಕಿದಳು.

"ಯಾವಾಗಿಂದ?"

"ಹೋದ ಚಳಿಗಾಲದಿಂದ."

"ಯಾಕಮ್ಮ ಹೇಳಲಿಲ್ಲ?"

"ನೀನು ನೊಂದ್ಕೋತೀಯ ಅಂತ."

"ನಿನ್ನ ಕಣ್ಣು ನಂಬಿಕೊಂಡು ನಾನು ಈ ವರ್ಷ ಎಷ್ಟು ಜನರಿಗೆ ಹಾಗೇ ಮಾಡಿದೀನಿ ಗೊತ್ತಾ?" ದನಿ ಏರಲಿಲ್ಲ. ಏರಿದ್ದರೆ ಗೊಂಬೆಯಮ್ಮ ತಡೆದುಕೊಳ್ಳುತ್ತಿದ್ದರು.

ಆ ಜನರು ಗೊಂಬೆಯಮ್ಮನ ಲೆಕ್ಕದಲ್ಲಿ ಇರಲೇ ಇಲ್ಲ. ಮಗಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡವರು ನಾಚಿಕೆಯಿಂದ ಮುದುಡಿಹೋದರು.

ಮಗಳು ಎದ್ದು ಸೊಸೆಯ ಬಳಿ ಹೋದಳು. "ಅತ್ತಿಗೆ, ನಿನ್ನ ರೀತೀಲೇ ಮಾಡ್ತೀನಿ. ಬಾಯಿ ಎಷ್ಟು ಕಿರಿದಾಗಬೇಕು ಅಂತ ಪಕ್ಕದಲ್ಲಿ ನಿಂತು ಹೇಳ್ತಾ ಇರು." ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಗೊಂಬೆಯಮ್ಮನಿಗೆ ಹೊತ್ತು ನೀರಿನಡಿಯಲ್ಲಿ ಸರಿದಂತಾಯಿತು. ಕೊನೆಗೆ ಸೊಸೆ ಬಂದು, "ಚೆನ್ನಾಗಿ ಆಯ್ತು ಅತ್ತೆ," ಎಂದು ಅವರ ಭುಜಕ್ಕೆ ಹಣೆಯಿಟ್ಟು ಅತ್ತಳು.

ಸಂಜೆ ಮಗಳು ಅಮ್ಮನ ಎಡಗಣ್ಣಿಗೆ ಲೇಸರ್ ಹಿಡಿದಳು. ಟಿಕ್ ಟಿಕ್ ಎಂದಿತಷ್ಟೇ. ಕಪ್ಪು ಚುಕ್ಕೆಗಳು ಕೊಂಚ ಹೊತ್ತು ತೇಲಿದವು, ಮಂಜು ನಡುವೆ ಬಿರಿಯಿತು, ಆ ಕಿಂಡಿಯಲ್ಲಿ ಒಂದು ಮುಖ ಬಂದು ನಿಂತಿತು. ಕಿವಿಯ ಪಕ್ಕ ನರೆ, ಕಣ್ಣಂಚಿನಲ್ಲಿ ಗೆರೆ. ಇವಳಿಗೆ ಇಷ್ಟು ವಯಸ್ಸಾಯಿತೇ?

"ಏನು ಕಾಣ್ತಿದೆ?"

"ನೀನು. ತುಂಬ ದಣಿದಿದೀಯ ಮಗಳೇ."

"ಹೂಂ," ಎಂದಳು ಅವಳು. "ನಾಳೆಯಿಂದ ಅವರಿಗೆಲ್ಲ ಫೋನ್ ಮಾಡಿ ಕರೆಸಬೇಕಮ್ಮ. ಪಕ್ಕದಲ್ಲಿ ಕೂತಿರ್ತೀಯಾ?"

"ಕೂತಿರ್ತೀನಿ," ಎಂದರು ಗೊಂಬೆಯಮ್ಮ.