ಮೊದಲು ಕಾಮಜ್ಜಿಯ ಕೂದಲು

ಹಾರವಾಡದ ಮೀನುಗಾರ ಬಾಬುವಿನ ಮಗಳು ಪೂರ್ಣಿಮಾಗೆ ಏಳು ವರ್ಷ. ಆರು ತಿಂಗಳಿಂದ ಅವಳಿಗೆ ಹೊಟ್ಟೆನೋವು. ಊಟ ಸೇರುತ್ತಿರಲಿಲ್ಲ. ಕಲಿತ ಅಕ್ಷರ ಮರೆತುಹೋಗುತ್ತಿತ್ತು. ಹುಳದ ಔಷಧಿ ಕೊಟ್ಟರು, ದೃಷ್ಟಿ ತೆಗೆದರು. ಗುಣ ಕಾಣಲಿಲ್ಲ.

ಅದು ೨೦೦೬. ಜನರ ಮೈಯಲ್ಲಿ ಸೀಸ, ಪಾದರಸದಂಥ ವಿಷಲೋಹ ಸೇರಿದೆಯೇ ಎಂದು ಕೂದಲಿನಿಂದ ತಿಳಿಯುವ ಅಧ್ಯಯನವೊಂದು ಕಡಲತೀರದ ಊರುಗಳಲ್ಲಿ ನಡೆಯುತ್ತಿತ್ತು. ಆರೋಗ್ಯ ಸಹಾಯಕಿ ಮಂಗಲಾ ಕತ್ತರಿ, ಲಕೋಟೆ ಹಿಡಿದು ಬಾಬುವಿನ ಮನೆಗೂ ಬಂದರು.

ಬಾಬುವಿನ ತಾಯಿ ಕಾಮಜ್ಜಿ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಕೂದ್ಲು ಕೊಡೂದಿಲ್ಲ ಬಾಯೋರೆ. ಯಾರ ಕೈಗಾದ್ರೂ ಸಿಕ್ಕಿ ಮಾಟ ಮಾಡಿದ್ರೆ?”

ಮಂಗಲಾ ನಗಲಿಲ್ಲ. ಜಗಲಿಯ ಮೇಲೆ ಕೂತರು. “ಅಜ್ಜಿ, ಕೂದ್ಲು ತಿಂಗ್ಳಿಗೆ ಒಂದು ಉಗುರಿನಷ್ಟು ಬೆಳೀತದೆ. ಆಗ ಮೈಗೆ ಸೀಸದಂಥ ವಿಷ ಸೇರಿದ್ರೆ ಅದ್ರ ಗುರ್ತು ಕೂದ್ಲಲ್ಲೇ ಉಳೀತದೆ. ಸೂಜಿ ಇಲ್ಲ, ನೋವಿಲ್ಲ. ಕುತ್ತಿಗೆ ಹಿಂದೆ, ಬುಡದಿಂದ, ಬೆಂಕಿಕಡ್ಡಿ ದಪ್ಪದಷ್ಟು ಸಾಕು.”

“ಹುಡ್ಗಿಗೆ ಎಂತಾದ್ರೂ ಆದ್ರೆ?”

“ಈಗ್ಲೇ ಎಂತದೋ ಆಗ್ತಾ ಉಂಟಲ್ಲ ಅತ್ತೆ,” ಎಂದಳು ಸೊಸೆ ನಾಗಿ, ಮೆಲ್ಲಗೆ.

ಕಾಮಜ್ಜಿ ಮೊಮ್ಮಗಳನ್ನು ಸೊಸೆಯ ಕಡೆ ಕಳಿಸಿದಳು. ಆಮೇಲೆ ತುರುಬು ಬಿಚ್ಚಿ, ಮಂಗಲಾಗೆ ಬೆನ್ನುಮಾಡಿ ಕೂತಳು.

“ಮೊದ್ಲು ನಂದು ತಕ್ಕೊಳ್ಳಿ. ಮಾಟ ತಾಗೂದಿದ್ರೆ ನಂಗೇ ತಾಗ್ಲಿ. ಎಂಟು ದಿನ ನೋಡ್ವ.”

ಭಯ ಹೋಗಿರಲಿಲ್ಲ. ಭಯವಿಟ್ಟುಕೊಂಡೇ ಕೊಟ್ಟಳು. ಎಂಟು ದಿನವೂ ಸೊಸೆಯ ಜೊತೆ ಬುಟ್ಟಿ ಹೊತ್ತು ಅಂಕೋಲಾ ಪೇಟೆಯಲ್ಲಿ ಮೀನು ಮಾರಿದಳು. ಒಂಬತ್ತನೇ ದಿನ ತಾನೇ ಹೇಳಿಕಳಿಸಿ, ಉಳಿದ ಮೂವರ ಕೂದಲನ್ನೂ ಕೊಡಿಸಿದಳು.

ವರದಿ ಬಂತು. ಪಾದರಸ ಯಾರಲ್ಲೂ ಹೆಚ್ಚಿರಲಿಲ್ಲ. ಆದರೆ ಬಾಬು, ಪೂರ್ಣಿಮಾ ಇಬ್ಬರ ಕೂದಲಿನಲ್ಲೂ ಸೀಸ ಬಹಳವಿತ್ತು. ಅತ್ತೆ ಸೊಸೆಯರಲ್ಲಿ ಕಡಿಮೆ.

“ನಾಲ್ಕೂ ಜನಕ್ಕೆ ಅದೇ ಬಾವಿ ನೀರು, ಅದೇ ಮೀನು,” ಎಂದರು ಮಂಗಲಾ. “ಅಪ್ಪ ಮಗಳು ಇಬ್ರೇ ಕೂಡಿ ಮಾಡೂದು ಎಂತದು?”

ಬಾಬು ಹಿತ್ತಲ ಕಡೆ ನೋಡಿದ. ಅಲ್ಲಿನ ಚಪ್ಪರದಲ್ಲಿ ಅವನು ಸೀಸ ಕರಗಿಸಿ, ಬಲೆ ನೀರಲ್ಲಿ ಮುಳುಗಲೆಂದು ಕಟ್ಟುವ ಗುಂಡು ಮಾಡುತ್ತಿದ್ದ. ಶಾಲೆಯಿಂದ ಬಂದ ಮಗಳು ಪಕ್ಕದಲ್ಲೇ ಕೂತು ಆ ಗುಂಡುಗಳನ್ನು ಹಗ್ಗಕ್ಕೆ ಸಿಕ್ಕಿಸಿ, ಹಲ್ಲಿನಿಂದ ಕಚ್ಚಿ ಬಿಗಿ ಮಾಡುತ್ತಿದ್ದಳು.

“ಆಯಿ, ನಾನೇ ಕಲ್ಸಿದ್ದು,” ಎಂದ.

“ಗೊತ್ತಿಲ್ದೆ ಕಲ್ಸಿದ್ದಿ. ಈಗ ಗೊತ್ತಾಯ್ತಲ್ಲ, ಬಿಡು,” ಎಂದಳು ತಾಯಿ.

ಕಾರವಾರದ ಆಸ್ಪತ್ರೆಯಲ್ಲಿ ಅಪ್ಪ ಮಗಳ ರಕ್ತ ಪರೀಕ್ಷೆ ಮಾಡಿಸಿದರು. ಸೀಸವೇ ಎಂದು ಖಚಿತವಾಯಿತು. ಬಾಬು ಮನೆಯಲ್ಲಿ ಸೀಸ ಕರಗಿಸುವುದನ್ನು ಅಂದೇ ನಿಲ್ಲಿಸಿದ. ಧೂಳು ಏಳದಂತೆ ಚಪ್ಪರವನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಡಾಕ್ಟರು ಹೇಳಿದಂತೆ ಔಷಧಿ ನಡೆಯಿತು. ಮಳೆಗಾಲದ ಹೊತ್ತಿಗೆ ಪೂರ್ಣಿಮಾ ತಾನಾಗಿ ಗಂಜಿ ಕೇಳತೊಡಗಿದಳು. ಓದುವಾಗ ಇನ್ನೂ ತಡವರಿಸುತ್ತಿದ್ದಳು. ಆದರೆ ಓದುತ್ತಿದ್ದಳು.

ಹತ್ತಿರದ ಊರು ಬೆಳಂಬಾರದ ಹೆಂಗಸರು ಕೂದಲು ಕೊಡಲು ಹಿಂಜರಿದರೆಂದು ಕೇಳಿ ಕಾಮಜ್ಜಿ ಅಲ್ಲಿಗೂ ಹೋದಳು. “ನಂಗೂ ಹೆದ್ರಿಕೆ ಇತ್ತು ತಂಗೀ. ಕೊಟ್ಟೆ. ನೋಡಿ, ಈಗ್ಲೂ ಗಟ್ಟಿ ಇದ್ದೆ!” ಎಂದಳು. ಅಂದು ಹನ್ನೊಂದು ಹೆಂಗಸರು ತುರುಬು ಬಿಚ್ಚಿದರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸೀಸ ಕರಗಿಸುವ, ಹಳೆ ಬ್ಯಾಟರಿ ಒಡೆಯುವ ಕೆಲಸ ಮನೆಯಲ್ಲಿ ಬೇಡ. ಸೀಸದ ಗುಂಡು ಮಕ್ಕಳ ಕೈಗೆ, ಬಾಯಿಗೆ ಬೇಡ. ಕೂದಲಿನ ಪರೀಕ್ಷೆ ಸುಳಿವು ಕೊಡುತ್ತದೆ, ರಕ್ತ ಪರೀಕ್ಷೆ ಅದನ್ನು ಖಚಿತ ಮಾಡುತ್ತದೆ. ಆರೋಗ್ಯ ಕಾರ್ಯಕರ್ತೆ ನಿಮ್ಮ ಬಾಗಿಲಿಗೆ ಬಂದಾಗ ಅನುಮಾನವಿದ್ದರೆ ಕೇಳಿ, ತಿಳಿದುಕೊಳ್ಳಿ. ಕತ್ತರಿಸಿದ ಕೂದಲು ಮತ್ತೆ ಬೆಳೆಯುತ್ತದೆ. ಮಗುವಿನ ಬಾಲ್ಯ ಮತ್ತೆ ಬರುವುದಿಲ್ಲ.