ಕಸಬರಿಗೆ ಹತ್ತಿದ ಮುದುಕಿ

ಬಿಬವೇವಾಡಿಯ ಶಾಲೆಯ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ನನ್ನ ಮಗಳು ಶೀತಲ್ ಬೆಫಾನಾ ಆಗಿದ್ದಳು. ಬೆಫಾನಾ ಎಂದರೆ ಇಟಲಿಯ ಕಡೆ ಕಸಬರಿಗೆ ಹತ್ತಿಕೊಂಡು ಮನೆಮನೆಗೆ ಹೋಗಿ ಮಕ್ಕಳಿಗೆ ಉಡುಗೊರೆ ಹಂಚುವ ಮುದುಕಿಯಂತೆ. ಅವಳಿಗೆ ಸಾಂತಾ ವೇಷವನ್ನೇ ಹಾಕಿಸಿ ಎಂದು ಟೀಚರ್‌ಗೆ ಮೊದಲೇ ಬಡಕೊಂಡಿದ್ದೆ. ಕೇಳಲಿಲ್ಲ. ನನ್ನ ಅತ್ತೆ ಪಾರವ್ವನವರಿಗೆ ಕಸಬರಿಗೆಯೆಂದರೆ ಸಾಕ್ಷಾತ್ ಲಕ್ಷ್ಮಿ. ಅದನ್ನು ದಾಟಿದ್ದಕ್ಕೇ ಶೀತಲ್ ಎರಡು ಸಲ ಬೆನ್ನಿಗೆ ಗುದ್ದು ತಿಂದಿದ್ದಳು. ಆ ಅತ್ತೆ ಈಗ ಮೊದಲ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕುಳಿತಿದ್ದರು.

ಪರದೆ ಸರಿಯಿತು. ಚೀಲ ಹೆಗಲಿಗೇರಿಸಿ, ಕಸಬರಿಗೆ ಹಿಡಿದು ಬಂದ ಶೀತಲ್ ಅಜ್ಜಿಯನ್ನು ಕಂಡದ್ದೇ ನಿಂತುಬಿಟ್ಟಳು. ಹಾಡು ಮಾತ್ರ ಮುಂದೆ ಓಡುತ್ತಿತ್ತು. ಕಸಬರಿಗೆಯ ಮೇಲೆ ಕೂರು ಎಂದು ಟೀಚರ್ ಪರದೆಯ ಮರೆಯಿಂದ ಮರಾಠಿಯಲ್ಲಿ ಗದರಿದರು. ಮಗಳು ಒಮ್ಮೆ ಟೀಚರ್ ಕಡೆ, ಒಮ್ಮೆ ಅಜ್ಜಿಯ ಕಡೆ ನೋಡಿದಳು.

ಅತ್ತೆ ಎದ್ದು ನಿಂತರು. ನಾನು ಅವರ ಸೆರಗು ಹಿಡಿದೆ.

"ಅತ್ತ್ಯಾರ, ಕೈ ಮುಗೀತೀನ್ರಿ, ಇವತ್ತೊಂದಿನ ಸುಮ್ನ ಕುಂದರ್ರಿ."

"ಬಿಡ ಸೆರಗ!"

ಕೊಸರಿಕೊಂಡು ವೇದಿಕೆಯ ಅಂಚಿಗೇ ಹೋದರು. ಯಾರೋ ಹಾಡು ನಿಲ್ಲಿಸಿದರು. ಶೀತಲ್ ಕಸಬರಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಯಾಕ ನಿಂತೀ?" ಅತ್ತೆ ಕೂಗಿದರು. "ಆ ಮುದುಕಿ ಅಷ್ಟು ಮನಿ ನಡಕೊಂತ ಹೆಂಗ ತಿರಗ್ಯಾಳು? ಮೊಣಕಾಲ ಬ್ಯಾನಿ ಏನಂತ ನನಗ ಗೊತ್ತದ. ಹತ್ತವ್ವ, ಹತ್ತು! ಕೊಡಾಕ ಹೊಂಟಾಕಿನ್ನ ಲಕ್ಷ್ಮಿ ತಾನ ಹೊತ್ಕೊಂಡು ಹೊಕ್ಕಾಳ."